ಕಪಾಟಿನಲ್ಲಿ ಉಳಿದ ಫಲಿತಾಂಶಗಳ ಲೆಕ್ಕ: ಪ್ರಕಟಣಾ ಪಕ್ಷಪಾತ ಪತ್ತೆಹಚ್ಚುವ ಸಮಗ್ರ ಮಾರ್ಗದರ್ಶಿ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ದರ ಬರೆಯುವವರು ಚೀಲದ ಬಾಯಿಯಲ್ಲಿ ಕಾಣುವ ನಾಲ್ಕು ಕಾಯಿ ನೋಡಿ ಸುಮ್ಮನಾಗುವುದಿಲ್ಲ. ಕೈ ಒಳಗೆ ಇಳಿಸಿ, ತಳದ ಕಾಯಿ ತೆಗೆದು, ಬಣ್ಣ ಮತ್ತು ತೇವ ನೋಡುತ್ತಾರೆ. ವೈದ್ಯಕೀಯ ಜರ್ನಲ್ ಓದುವವರು ಮಾತ್ರ ಬಹಳ ಸಲ ಚೀಲದ ಬಾಯಿಗೇ ನಿಂತುಬಿಡುತ್ತಾರೆ. ಔಷಧ ಗುಣ ಕೊಟ್ಟಿತು ಎನ್ನುವ ಅಧ್ಯಯನ ಬೇಗ ಅಚ್ಚಾಗುತ್ತದೆ. ಗುಣ ಕೊಡಲಿಲ್ಲ ಎನ್ನುವುದು ತಡವಾಗಿ ಬರುತ್ತದೆ, ಇಲ್ಲವೇ ವಿಭಾಗದ ಕಪಾಟಿನಲ್ಲೇ ಉಳಿಯುತ್ತದೆ. ಫಲಿತಾಂಶದ ಬಣ್ಣ ನೋಡಿ ಪ್ರಕಟಣೆ ನಿರ್ಧಾರವಾಗುವ ಈ ಓರೆಗೆ ಪ್ರಕಟಣಾ ಪಕ್ಷಪಾತ ಎಂದು ಹೆಸರು.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ವೈದ್ಯಕೀಯ, ಆಯುರ್ವೇದ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಎಲ್ಲ ಅಧ್ಯಯನಗಳನ್ನೂ ಕ್ರಮವಾಗಿ ಹುಡುಕಿ ಒಟ್ಟುಗೂಡಿಸುವ ಲೇಖನ) ಬರೆಯುತ್ತಿರುವ ಅಥವಾ ಥೀಸಿಸ್ ಶುರು ಮಾಡಲಿರುವ ಪಿಜಿ ವಿದ್ಯಾರ್ಥಿಗಳಿಗೆ ಮತ್ತು ಅವರ ಗೈಡ್‌ಗಳಿಗೆ ಇದನ್ನು ಬರೆದಿದೆ. ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡಬೇಕು. ಅಧ್ಯಯನಗಳನ್ನು ಚುಕ್ಕೆಗಳಾಗಿ ತೋರಿಸುವ ಫನೆಲ್ ಪ್ಲಾಟ್ ಎಂಬ ಚಿತ್ರ ಹಾಕಿ, ಅದರ ಓರೆ ಅಳೆಯುವ ಎಗ್ಗರ್ ಟೆಸ್ಟ್‌ನ ಪಿ ವ್ಯಾಲ್ಯೂ (ಬರೀ ಆಕಸ್ಮಿಕದಿಂದ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಬರುವ ಸಂಭವ) ಬರೆದರೆ ಪಕ್ಷಪಾತದ ಪರೀಕ್ಷೆ ಮುಗಿಯಿತು ಎಂದು ಹಲವರು ನಂಬಿದ್ದಾರೆ. ಅದು ಕೊನೆಯ ಹಂತ, ಎಲ್ಲಕ್ಕಿಂತ ದುರ್ಬಲವಾದ ಹಂತವೂ ಹೌದು. ನಿಜವಾದ ಕೆಲಸ ಕಿರ್ದಿ ಬರೆಯುವವರದ್ದು: ಎಷ್ಟು ಅಧ್ಯಯನ ಶುರುವಾದವು, ಅವುಗಳಲ್ಲಿ ಎಷ್ಟು ಬೆಳಕಿಗೆ ಬಂದವು ಎಂದು ಒಂದೊಂದಾಗಿ ಎಣಿಸುವುದು.

ಎಣಿಸಿದರೆ ಏನು ಸಿಗುತ್ತದೆ

2008ರಲ್ಲಿ ಎರಿಕ್ ಟರ್ನರ್ ಮತ್ತು ಸಂಗಡಿಗರು ಹೀಗೆ ಎಣಿಸಿದರು. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಬಳಿ ದಾಖಲಾಗಿದ್ದ 12 ಖಿನ್ನತೆ ಔಷಧಗಳ 74 ಪ್ರಯೋಗಗಳನ್ನು ಜರ್ನಲ್‌ಗಳಲ್ಲಿ ಬಂದವುಗಳೊಂದಿಗೆ ತಾಳೆ ನೋಡಿದರು. ಎಫ್‌ಡಿಎ ಲೆಕ್ಕದಲ್ಲಿ ಔಷಧದ ಪರ ನಿಂತ ಪ್ರಯೋಗ 38. ಅವುಗಳಲ್ಲಿ 37 ಪ್ರಕಟವಾಗಿದ್ದವು. ಪರ ಇಲ್ಲದ್ದು ಅಥವಾ ಅನುಮಾನದ್ದು 36. ಅವುಗಳಲ್ಲಿ 22 ಪ್ರಕಟವೇ ಆಗಿರಲಿಲ್ಲ, 11 ಔಷಧ ಗೆದ್ದಿತು ಎನ್ನುವ ಧಾಟಿಯಲ್ಲಿ ಅಚ್ಚಾಗಿದ್ದವು, ಬರೀ 3 ಇದ್ದದ್ದನ್ನು ಇದ್ದಂತೆ ಹೇಳಿದ್ದವು. ಜರ್ನಲ್ ಓದಿದವರಿಗೆ 94 ಶೇಕಡಾ ಪ್ರಯೋಗಗಳು ಯಶಸ್ವಿ ಎನಿಸುತ್ತಿತ್ತು. ಕಡತದಲ್ಲಿ ಯಶಸ್ವಿಯಾದದ್ದು 51 ಶೇಕಡಾ. ಔಷಧದ ಪರಿಣಾಮ ಒಟ್ಟಾರೆ 32 ಶೇಕಡಾ ಉಬ್ಬಿ ಕಂಡಿತ್ತು.

ಲೊರ್ಕೈನೈಡ್ ಎಂಬ ಹೃದಯದ ಔಷಧದ ಕಥೆ ಇನ್ನೂ ಕಠೋರ. ಹೃದಯಾಘಾತವಾದವರ ಮೇಲೆ 1980ರಲ್ಲಿ ನಡೆದ ಚಿಕ್ಕ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ 9 ಜನ ಸತ್ತರು, ಪ್ಲಾಸಿಬೊ (ಔಷಧವಿಲ್ಲದ ಹುಸಿ ಮದ್ದು) ಪಡೆದವರಲ್ಲಿ ಒಬ್ಬರು. ಔಷಧದ ಅಭಿವೃದ್ಧಿ ಬೇರೆ ಕಾರಣಕ್ಕೆ ನಿಂತಿತು, ಫಲಿತಾಂಶವನ್ನು ಯಾರೂ ಪ್ರಕಟಿಸಲಿಲ್ಲ. ಅದು ಅಚ್ಚಾದದ್ದು 1993ರಲ್ಲಿ. ಆ ನಡುವಿನ ವರ್ಷಗಳಲ್ಲಿ ಇದೇ ಜಾತಿಯ ಬೇರೆ ಔಷಧಗಳನ್ನು ವೈದ್ಯರು ಒಳ್ಳೆಯದೆಂದೇ ನಂಬಿ ಬರೆದುಕೊಟ್ಟರು. ಪ್ರಕಟಣಾ ಪಕ್ಷಪಾತಕ್ಕೆ ಈ ಪ್ರಯೋಗ ಒಂದು ಉದಾಹರಣೆ ಎಂದು ಸಂಶೋಧಕರೇ ಆ ಲೇಖನದ ಶೀರ್ಷಿಕೆಯಲ್ಲಿ ಬರೆದರು.

ಸಣ್ಣ ಥೀಸಿಸ್ ದಾರಿ ತಪ್ಪಿಸುವುದು ಹೇಗೆ

ಮುಂದಿನ ಹಂತಗಳೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ.

ಒಂದು ಔಷಧ ರಕ್ತದೊತ್ತಡವನ್ನು ನಿಜಕ್ಕೂ 3 ಅಂಕ ಇಳಿಸುತ್ತದೆ ಎಂದಿಟ್ಟುಕೊಳ್ಳಿ. ರೋಗಿಯಿಂದ ರೋಗಿಗೆ ಇರುವ ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 10. ಒಂದು ಥೀಸಿಸ್‌ನಲ್ಲಿ ಗುಂಪಿಗೆ 25ರಂತೆ 50 ರೋಗಿಗಳು. ಎರಡು ಗುಂಪುಗಳ ಅಂತರದ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂದಾಜಿನ ಅನಿಶ್ಚಿತತೆ, ಸುಮಾರು 2.8 ಆಗುತ್ತದೆ. ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬರಬೇಕಾದರೆ, ಅಂದರೆ ಫಲಿತಾಂಶ ಸಿಗ್ನಿಫಿಕೆಂಟ್ ಎನಿಸಬೇಕಾದರೆ, ಅಂತರ ಕನಿಷ್ಠ 5.7 ಇರಬೇಕು. ಅಂದರೆ ಇಂಥ ಥೀಸಿಸ್‌ನಿಂದ ಸಿಗ್ನಿಫಿಕೆಂಟ್ ಎಂದು ಹೊರಬರುವ ಪ್ರತಿಯೊಂದು ಅಂಕಿಯೂ ನಿಜಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಇಂಥ 100 ಥೀಸಿಸ್ ಮಾಡಿದರೆ ಗಡಿ ದಾಟುವುದು ಸುಮಾರು 18. ಆ 18 ಮಾತ್ರ ಅಚ್ಚಾಗಿ 82 ಕಪಾಟಿನಲ್ಲಿ ಉಳಿದರೆ, ಓದುಗನ ಕಣ್ಣಿಗೆ ಔಷಧ 6-7 ಅಂಕ ಇಳಿಸುತ್ತದೆ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಡೇಟಾ ತಿದ್ದಿಲ್ಲ. ಆದರೂ ಒಟ್ಟು ಚಿತ್ರ ಸುಳ್ಳು.

ಗುಂಪಿಗೆ 200 ರೋಗಿಗಳಿದ್ದರೆ ಸ್ಟ್ಯಾಂಡರ್ಡ್ ಎರರ್ 1, ಗಡಿ ಸುಮಾರು 2, ಗಡಿ ದಾಟುವ ಅವಕಾಶ 85 ಶೇಕಡಾ. ದೊಡ್ಡ ಅಧ್ಯಯನ ಹೆಚ್ಚಾಗಿ ಪ್ರಕಟವಾಗುತ್ತದೆ, ಅದರ ಅಂಕಿಯೂ ನಿಜದ ಸಮೀಪ ಇರುತ್ತದೆ. ಆದ್ದರಿಂದ ಪಕ್ಷಪಾತವನ್ನು ಹುಡುಕಬೇಕಾದದ್ದು ಸಣ್ಣ ಅಧ್ಯಯನಗಳ ನಡುವೆ.

ಹಂತ 1: ಪ್ರಶ್ನೆ ಬರೆದು ಬೀಗ ಹಾಕಿ

ಯಾವ ರೋಗಿಗಳು, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಕೆ, ಯಾವ ಅಳತೆ, ಎಷ್ಟು ವಾರಕ್ಕೆ: ಈ ಐದನ್ನೂ ಫಲಿತಾಂಶ ನೋಡುವ ಮುಂಚೆ ಬರೆದಿಡಿ. ರಿವ್ಯೂ ಆದರೆ ಪ್ರಾಸ್ಪೆರೊ ಎಂಬ ಆನ್‌ಲೈನ್ ದಾಖಲೆಯಲ್ಲಿ ನೋಂದಾಯಿಸಿ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯ 2011ರಿಂದ ನಡೆಸುವ ಈ ನೋಂದಣಿಗೆ ಹಣವಿಲ್ಲ. ಯಾವ ಟೆಸ್ಟ್ ಮಾಡುತ್ತೀರಿ, ಎಷ್ಟು ಅಧ್ಯಯನ ಸಿಕ್ಕರೆ ಮಾಡುತ್ತೀರಿ ಎಂಬುದನ್ನೂ ಅಲ್ಲಿಯೇ ಬರೆಯಿರಿ. ನಂತರ ಬರೆದರೆ ಅನುಕೂಲವಾದ ಟೆಸ್ಟ್ ಆರಿಸಿಕೊಂಡ ಆರೋಪ ನಿಮ್ಮ ಮೇಲೇ ಬರುತ್ತದೆ.

ಹಂತ 2: ಶುರುವಾದ ಅಧ್ಯಯನಗಳ ಕಿರ್ದಿ

ವೈದ್ಯಕೀಯ ಲೇಖನಗಳ ಸೂಚಿ ಪಬ್‌ಮೆಡ್ ತೆರೆಯುವ ಮೊದಲು, ಪ್ರಯೋಗ ಶುರುವಾಗುವಾಗಲೇ ಅದನ್ನು ದಾಖಲಿಸುವ ರಿಜಿಸ್ಟ್ರಿ ತೆರೆಯಿರಿ. ಈ ಕ್ರಮ ಮುಖ್ಯ. ಪಬ್‌ಮೆಡ್‌ನಲ್ಲಿರುವುದು ಬದುಕಿ ಬಂದ ಅಧ್ಯಯನಗಳು, ರಿಜಿಸ್ಟ್ರಿಯಲ್ಲಿರುವುದು ಹುಟ್ಟಿದವು.

ನೋಡಬೇಕಾದವು ಮೂರು. ಮೊದಲನೆಯದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, ಸಿಟಿಆರ್‌ಐ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) ವೈದ್ಯಕೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇದನ್ನು 2007ರ ಜುಲೈ 20ರಂದು ಶುರು ಮಾಡಿತು. 2009ರ ಜೂನ್ 15ರಿಂದ ಔಷಧ ನಿಯಂತ್ರಕರ ಅನುಮತಿಯ ಪ್ರಯೋಗಗಳಿಗೆ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿ ಸೇರುವ ಮುಂಚೆ ಬಂದ ಅರ್ಜಿಯನ್ನಷ್ಟೇ ಸ್ವೀಕರಿಸುತ್ತಾರೆ. ಆಯುರ್ವೇದ, ಹೋಮಿಯೋಪಥಿ, ಯೋಗದ ಪ್ರಯೋಗಗಳೂ ಇಲ್ಲಿವೆ. ಪಿಜಿ ಥೀಸಿಸ್ ಹೌದೋ ಅಲ್ಲವೋ ಎಂದು ದಾಖಲೆಯಲ್ಲೇ ಇರುತ್ತದೆ. ನಮ್ಮ ಭಾಗದ ಕೆಲಸ ಹುಡುಕುವವರಿಗೆ ಇದು ಚಿನ್ನದ ಗಣಿ. ಎರಡನೆಯದು 2000ದಲ್ಲಿ ತೆರೆದ ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್. ಮೂರನೆಯದು ಹಲವು ದೇಶಗಳ ರಿಜಿಸ್ಟ್ರಿಗಳನ್ನು ಒಟ್ಟಿಗೆ ಹುಡುಕಲು ಬಿಡುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ಪೋರ್ಟಲ್.

ಎಕ್ಸೆಲ್ ಹಾಳೆಯಲ್ಲಿ ಒಂದು ಪ್ರಯೋಗಕ್ಕೆ ಒಂದು ಸಾಲು. ಕಾಲಂಗಳು ಇವು: ನೋಂದಣಿ ಸಂಖ್ಯೆ, ನೋಂದಾಯಿಸಿದ ದಿನ, ಮೊದಲ ರೋಗಿ ಸೇರಿದ ದಿನ, ಗುರಿಯಿಟ್ಟ ರೋಗಿಗಳ ಸಂಖ್ಯೆ, ಮುಖ್ಯ ಅಳತೆ ಮತ್ತು ಅದರ ಸಮಯ, ಹಣ ಯಾರದು, ಊರು, ಈಗಿನ ಸ್ಥಿತಿ, ಮುಗಿದ ದಿನ, ಪ್ರಕಟಣೆ ಸಿಕ್ಕಿತೇ, ಎಲ್ಲಿ, ಫಲಿತಾಂಶ ಯಾವ ಕಡೆ. ಕೊನೆಯ ಕಾಲಂ ಅನ್ನು ಉಳಿದೆಲ್ಲ ತುಂಬುವವರೆಗೆ ಮುಟ್ಟಬೇಡಿ. ಇಬ್ಬರು ಬೇರೆ ಬೇರೆಯಾಗಿ ತುಂಬಿ ಆಮೇಲೆ ತಾಳೆ ನೋಡಿದರೆ ಒಳ್ಳೆಯದು.

ಹೆಸರುಗಳ ವಿಷಯದಲ್ಲಿ ನಮ್ಮ ಕಡೆಯವರು ಎಡವುವುದು ಹೆಚ್ಚು. 2014ರ ನವೆಂಬರ್ 1ರ ಮುಂಚಿನ ಇಂಗ್ಲಿಷ್ ದಾಖಲೆಗಳಲ್ಲಿ ಊರಿನ ಹೆಸರು ಹುಬ್ಲಿ, ನಂತರದವುಗಳಲ್ಲಿ ಹುಬ್ಬಳ್ಳಿ. ಎರಡೂ ಕಾಗುಣಿತ ಹಾಕಿ ಹುಡುಕಿ. ಹಳೆಯ ಲೇಖನಗಳಲ್ಲಿ ಧಾರವಾಡದ ಕೊನೆಯಕ್ಷರ ಡಿ ಬದಲು ಆರ್ ಇರುತ್ತದೆ. ಕಿಮ್ಸ್ ಎಂದಷ್ಟೇ ಹಾಕಿದರೆ ಬೆಂಗಳೂರಿನ ಕೆಂಪೇಗೌಡ ಸಂಸ್ಥೆ, ಭುವನೇಶ್ವರದ ಕಳಿಂಗ ಸಂಸ್ಥೆ, ಹೈದರಾಬಾದಿನ ಆಸ್ಪತ್ರೆ ಎಲ್ಲ ಬಂದು ಬೀಳುತ್ತವೆ. ಹುಬ್ಬಳ್ಳಿಯ ಕಿಮ್ಸ್‌ಗೆ ಈಗ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂಬ ಹೆಸರು, ಮೊದಲು ಇದ್ದದ್ದು ಕರ್ನಾಟಕ ಮೆಡಿಕಲ್ ಕಾಲೇಜು. ಮೂರು ಹೆಸರಿನಲ್ಲೂ ಹುಡುಕಬೇಕು.

ಹಂತ 3: ಪ್ರಕಟಣೆಯೊಂದಿಗೆ ತಾಳೆ

ಮೊದಲು ನೋಂದಣಿ ಸಂಖ್ಯೆಯನ್ನೇ ಪಬ್‌ಮೆಡ್ ಮತ್ತು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ. ಅಷ್ಟಕ್ಕೇ ನಿಲ್ಲಿಸಬೇಡಿ, ಭಾರತದ ಎಷ್ಟೋ ಲೇಖನಗಳಲ್ಲಿ ಸಂಖ್ಯೆ ಬರೆದೇ ಇರುವುದಿಲ್ಲ. ಮುಖ್ಯ ಸಂಶೋಧಕರ ಹೆಸರು ಮತ್ತು ಚಿಕಿತ್ಸೆ, ಗೈಡ್ ಹೆಸರು ಮತ್ತು ರೋಗ, ಊರು ಮತ್ತು ರೋಗಿಗಳ ಸಂಖ್ಯೆ, ಹೀಗೆ ಮೂರು ಬೇರೆ ದಾರಿಯಲ್ಲಿ ಹುಡುಕಿ. ಥೀಸಿಸ್ ಮಾಡಿದವರ ಹೆಸರು ಲೇಖನದಲ್ಲಿ ಎರಡನೆಯದೋ ಮೂರನೆಯದೋ ಆಗಿರಬಹುದು. ಮದುವೆಯ ನಂತರ ಅಡ್ಡಹೆಸರು ಬದಲಾಗಿರಬಹುದು. ಒಬ್ಬರ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುವುದೂ ಸಾಮಾನ್ಯ.

ಯಾವಾಗ ಅಪ್ರಕಟಿತ ಎಂದು ಬರೆಯುವುದು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಗಡುವು ಹೇಳಿದೆ: ಮುಗಿದ 12 ತಿಂಗಳೊಳಗೆ ಮುಖ್ಯ ಫಲಿತಾಂಶ ರಿಜಿಸ್ಟ್ರಿಯಲ್ಲಿ, 24 ತಿಂಗಳೊಳಗೆ ಜರ್ನಲ್‌ನಲ್ಲಿ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಮುಗಿದು 24 ತಿಂಗಳು ದಾಟಿಯೂ ಎಲ್ಲೂ ಸಿಗದಿದ್ದರೆ ಅಪ್ರಕಟಿತ ಎನ್ನಿ. ಇನ್ನೂ ಸಮಯ ಆಗದ್ದನ್ನು ಬೇರೆ ಗುಂಪು ಮಾಡಿ. ಎರಡನ್ನೂ ಕೂಡಿಸಿದರೆ ಪಕ್ಷಪಾತ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದೇವೆ ಎಂಬ ಸ್ಥಿತಿ ವರ್ಷಗಟ್ಟಲೆ ಬದಲಾಗದೆ ಉಳಿದಿದ್ದರೆ ನಂಬಬೇಡಿ. ಮೂರು ವರ್ಷದ ಪಿಜಿ ಕೋರ್ಸ್‌ನ ಥೀಸಿಸ್ ಆರು ವರ್ಷ ರೋಗಿಗಳನ್ನು ಸೇರಿಸುತ್ತಿರಲು ಸಾಧ್ಯವಿಲ್ಲ, ದಾಖಲೆ ಅಪ್‌ಡೇಟ್ ಆಗಿಲ್ಲ ಅಷ್ಟೆ.

ಹಂತ 4: ಕಪಾಟು, ಸಮ್ಮೇಳನ, ನಿಯಂತ್ರಕರ ಕಡತ

ಥೀಸಿಸ್ ಎಂದರೆ ಪ್ರಕಟಣಾ ಪಕ್ಷಪಾತ ಮುಟ್ಟದ ಡೇಟಾ. ಗೆದ್ದರೂ ಸೋತರೂ ವಿಶ್ವವಿದ್ಯಾಲಯಕ್ಕೆ ಸಲ್ಲಿಸಲೇಬೇಕು. ಆದ್ದರಿಂದ ಕಾಲೇಜು ಗ್ರಂಥಾಲಯದ ಥೀಸಿಸ್ ರ‍್ಯಾಕ್ ಮುಂದೆ ಎರಡು ದಿನ ಕೂರುವುದು ಯಾವ ಸಾಫ್ಟ್‌ವೇರ್‌ಗಿಂತಲೂ ಹೆಚ್ಚು ಹೇಳುತ್ತದೆ. ಹುಬ್ಬಳ್ಳಿ ವಿದ್ಯಾನಗರದ ಸರ್ಕಾರಿ ಕಾಲೇಜು, ಧಾರವಾಡ ಸತ್ತೂರಿನ ಎಸ್‌ಡಿಎಂ, ಗದಗಿನ ಆಯುರ್ವೇದ ಕಾಲೇಜು, ಎಲ್ಲೇ ಹೋದರೂ ವಿಭಾಗದ ಮುಖ್ಯಸ್ಥರ ಪತ್ರ ಒಯ್ಯಿರಿ. ಮುಖಪುಟ, ವಿಧಾನ, ಫಲಿತಾಂಶದ ಕೋಷ್ಟಕ, ಮಾಸ್ಟರ್ ಚಾರ್ಟ್ (ಪ್ರತಿ ರೋಗಿಯ ಅಂಕಿಗಳ ಪಟ್ಟಿ) ಇಷ್ಟನ್ನು ನೋಡಿದರೆ ಸಾಕು. ಮಾಸ್ಟರ್ ಚಾರ್ಟ್ ಇದ್ದರೆ ಸರಾಸರಿಯನ್ನೂ ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನೂ ನೀವೇ ಲೆಕ್ಕ ಹಾಕಬಹುದು.

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧ ಸಂಗ್ರಹ ಶೋಧಗಂಗಾದಲ್ಲಿ ಇರುವುದು ಮುಖ್ಯವಾಗಿ ಪಿಎಚ್‌ಡಿ ಪ್ರಬಂಧಗಳು. ಕರ್ನಾಟಕ ವಿಶ್ವವಿದ್ಯಾಲಯದ ಮನೋವಿಜ್ಞಾನ, ಸಂಖ್ಯಾಶಾಸ್ತ್ರ, ಜೀವವಿಜ್ಞಾನದ ಕೆಲಸಕ್ಕೆ ಅದು ಸರಿ. ಎಂಡಿ-ಎಂಎಸ್ ಥೀಸಿಸ್ ಅಲ್ಲಿ ಸಿಕ್ಕೀತು ಎಂದು ಕಾಯಬೇಡಿ. ಕೃಷಿಯವರ ದಾರಿಯೇ ಬೇರೆ. ಹತ್ತಿಗೋ ಹೆಸರುಕಾಳಿಗೋ ಯಾವುದೋ ಸಿಂಪಡಣೆ ಇಳುವರಿ ಹೆಚ್ಚಿಸಿತು ಎನ್ನುವ ಕ್ಷೇತ್ರ ಪ್ರಯೋಗ ಸಿಟಿಆರ್‌ಐನಲ್ಲಿ ದಾಖಲಾಗುವುದಿಲ್ಲ. ಅದಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಎಂಎಸ್ಸಿ, ಪಿಎಚ್‌ಡಿ ಪ್ರಬಂಧಗಳನ್ನು ಕೃಷಿಕೋಶ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಹುಡುಕಿ, ಅಖಿಲ ಭಾರತ ಸಮನ್ವಿತ ಸಂಶೋಧನಾ ಯೋಜನೆಗಳ ವಾರ್ಷಿಕ ವರದಿ ತೆಗೆಯಿರಿ. ಫಲ ಕೊಡದ ಕೇಂದ್ರದ ಅಂಕಿಯೂ ಆ ವರದಿಗಳ ಕೋಷ್ಟಕದಲ್ಲಿ ಸಾಲಾಗಿ ಇರುತ್ತದೆ.

ಸಮ್ಮೇಳನದ ಅಬ್‌ಸ್ಟ್ರ್ಯಾಕ್ಟ್ (ಸಾರಾಂಶ) ಪುಸ್ತಕಗಳನ್ನೂ ಬಿಡಬೇಡಿ. ಮೂರು ಲಕ್ಷಕ್ಕೂ ಹೆಚ್ಚು ಅಬ್‌ಸ್ಟ್ರ್ಯಾಕ್ಟ್‌ಗಳನ್ನು ಹಿಂಬಾಲಿಸಿದ ವರದಿಗಳನ್ನು ಒಟ್ಟುಗೂಡಿಸಿದ, ವೈದ್ಯಕೀಯ ಪುರಾವೆ ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ನ ವಿಮರ್ಶೆ 2018ರಲ್ಲಿ ಕಂಡದ್ದು: ಪೂರ್ಣ ಲೇಖನವಾದದ್ದು 37 ಶೇಕಡಾ ಮಾತ್ರ, ಅದರಲ್ಲೂ ಗುಣ ತೋರಿಸಿದವು ಮುಂದೆ.

ಹಳೆಯ ಔಷಧವಾದರೆ ನಿಯಂತ್ರಕರ ಕಡತ ಜರ್ನಲ್‌ಗಿಂತ ಹೆಚ್ಚು ಮಾತಾಡುತ್ತದೆ. ರಿಬಾಕ್ಸೆಟಿನ್ ಎಂಬ ಖಿನ್ನತೆ ಔಷಧದ ಬಗ್ಗೆ ಜರ್ಮನಿಯ ಮೌಲ್ಯಮಾಪನ ಸಂಸ್ಥೆ ತಯಾರಕರಿಂದ ಡೇಟಾ ತರಿಸಿಕೊಂಡು 2010ರಲ್ಲಿ ವಿಶ್ಲೇಷಿಸಿದಾಗ, 13 ಪ್ರಯೋಗಗಳ 4,098 ರೋಗಿಗಳಲ್ಲಿ 74 ಶೇಕಡಾ ಜನರ ಡೇಟಾ ಅಪ್ರಕಟಿತವೆಂದು ತಿಳಿಯಿತು. ಎಲ್ಲವನ್ನೂ ಸೇರಿಸಿದಾಗ ಪ್ಲಾಸಿಬೊಗಿಂತ ಮೇಲು ಎನ್ನಲು ಆಧಾರ ಉಳಿಯಲಿಲ್ಲ. ಎಫ್‌ಡಿಎ ತನ್ನ ಪರಿಶೀಲನಾ ವರದಿಗಳನ್ನು ಔಷಧದ ಹೆಸರಿನಡಿ ಜಾಲತಾಣದಲ್ಲಿ ಇಡುತ್ತದೆ; ಅದರಲ್ಲಿ ಸಂಖ್ಯಾಶಾಸ್ತ್ರಜ್ಞರ ಪರಿಶೀಲನೆ ಎಂಬ ಭಾಗವನ್ನು ಮೊದಲು ಓದಿ.

ಹಂತ 5: ಸಂಶೋಧಕರಿಗೆ ಪತ್ರ

ಅಪ್ರಕಟಿತ ಎಂದು ಗುರುತಿಸಿದ ಪ್ರತಿ ಸಾಲಿಗೂ ಒಂದು ಮೇಲ್. ಏಳೆಂಟು ಸಾಲು ಮೀರಬಾರದು. ನೀವು ಯಾರು, ಯಾವ ರಿವ್ಯೂ, ಅವರ ನೋಂದಣಿ ಸಂಖ್ಯೆ ಯಾವುದು, ನಿಮಗೆ ಬೇಕಾದದ್ದೇನು. ಇಡೀ ಡೇಟಾ ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ಖಾಲಿ ಕೋಷ್ಟಕ ಲಗತ್ತಿಸಿ: ಪ್ರತಿ ಗುಂಪಿನ ರೋಗಿಗಳ ಸಂಖ್ಯೆ, ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಅಥವಾ ಗುಣವಾದವರ ಸಂಖ್ಯೆ. ಹತ್ತು ನಿಮಿಷದಲ್ಲಿ ತುಂಬುವಂತಿದ್ದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಯಾಕೆ ಪ್ರಕಟಿಸಲಿಲ್ಲ ಎಂದು ಮೊದಲ ಪತ್ರದಲ್ಲೇ ಕೇಳಬೇಡಿ. ತಪ್ಪು ಹುಡುಕಲು ಬಂದಿದ್ದಾರೆ ಎನಿಸಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಎರಡು ವಾರಕ್ಕೊಂದು ನೆನಪೋಲೆ, ಒಟ್ಟು ಎರಡು, ಆಮೇಲೆ ಒಂದು ಫೋನ್. ಥೀಸಿಸ್ ಮಾಡಿದವರು ಊರು ಬಿಟ್ಟಿರುತ್ತಾರೆ, ಗೈಡ್ ಸಿಗುತ್ತಾರೆ; ಆದ್ದರಿಂದ ಮೇಲ್ ಇಬ್ಬರಿಗೂ ಹೋಗಲಿ. ಕಳಿಸಿದ ದಿನ, ಉತ್ತರ ಬಂದ ದಿನ, ಬರದಿದ್ದದ್ದು, ಎಲ್ಲವನ್ನೂ ಕಿರ್ದಿಯಲ್ಲಿ ಬರೆಯಿರಿ. ಇಷ್ಟು ಜನರನ್ನು ಕೇಳಿದೆವು, ಇಷ್ಟು ಜನ ಉತ್ತರಿಸಿದರು ಎಂಬ ವಾಕ್ಯ ನಿಮ್ಮ ರಿವ್ಯೂನಲ್ಲಿ ಬರಲೇಬೇಕು.

ಹಂತ 6: ಪ್ರಕಟವಾದದ್ದರೊಳಗೆ ಅಡಗಿದ್ದು

ಅಧ್ಯಯನ ಅಚ್ಚಾಗಿದೆ, ಆದರೆ ಮೊದಲು ಹೇಳಿದ ಅಳತೆ ಮಾಯವಾಗಿದೆ. ಇದೂ ಅದೇ ರೋಗ. ಟರ್ನರ್ ಲೆಕ್ಕದ ಆ 11 ಪ್ರಯೋಗಗಳು ನೆನಪಿರಲಿ.

ರಿಜಿಸ್ಟ್ರಿಯ ಮುಖ್ಯ ಅಳತೆಯನ್ನೂ ಲೇಖನದ ಮುಖ್ಯ ಅಳತೆಯನ್ನೂ ಪಕ್ಕಪಕ್ಕ ಇಡಿ. ನೋಡಬೇಕಾದದ್ದು: ಅಳತೆ ಬದಲಾಯಿತೇ, ಸಮಯ ಬದಲಾಯಿತೇ (12 ವಾರ ಎಂದದ್ದು 4 ವಾರವಾಗಿದೆಯೇ), ಎರಡನೆಯ ಸಾಲಿನ ಅಳತೆ ಮೊದಲ ಸಾಲಿಗೆ ಬಂತೇ, ರೋಗಿಗಳ ಸಂಖ್ಯೆ ಗುರಿಗಿಂತ ಕಡಿಮೆಯಾದದ್ದಕ್ಕೆ ಕಾರಣ ಕೊಟ್ಟಿದ್ದಾರೆಯೇ. ರಿಜಿಸ್ಟ್ರಿಯಲ್ಲಿ ಕೊನೆಯ ಬಾರಿ ತಿದ್ದಿದ ದಿನ ಇರುತ್ತದೆ. ಪ್ರಯೋಗ ಮುಗಿದ ಮೇಲೆ ತಿದ್ದಿದ್ದರೆ ತಿದ್ದುಪಡಿಗಳ ಇತಿಹಾಸ ತೆರೆದು ಹಳೆಯ ರೂಪವನ್ನೇ ತೆಗೆದುಕೊಳ್ಳಿ.

ಹಂತ 7: ಫನೆಲ್ ಪ್ಲಾಟ್

ಈಗ ಚಿತ್ರ. ಅಡ್ಡ ಗೆರೆಯಲ್ಲಿ ಪರಿಣಾಮ, ಲಂಬ ಗೆರೆಯಲ್ಲಿ ಸ್ಟ್ಯಾಂಡರ್ಡ್ ಎರರ್, ಸೊನ್ನೆ ಮೇಲ್ತುದಿಯಲ್ಲಿ. ದೊಡ್ಡ ಅಧ್ಯಯನಗಳು ಮೇಲೆ ಒತ್ತೊತ್ತಾಗಿ, ಸಣ್ಣವು ಕೆಳಗೆ ಚದುರಿ ಕೂರುತ್ತವೆ. ಪಕ್ಷಪಾತ ಇಲ್ಲದಿದ್ದರೆ ಚದುರುವಿಕೆ ಎರಡೂ ಕಡೆ ಸಮ, ತಲೆಕೆಳಗಾದ ಎಣ್ಣೆ ಲಾಳಿಕೆಯ ಹಾಗೆ. ಕೆಳಗಿನ ಒಂದು ಮೂಲೆ ಖಾಲಿಯಿದ್ದರೆ ಅನುಮಾನಕ್ಕೆ ಜಾಗವಿದೆ.

ಲೇಖನದಲ್ಲಿ ಸ್ಟ್ಯಾಂಡರ್ಡ್ ಎರರ್ ಇರುವುದು ಅಪರೂಪ, ಕಾನ್ಫಿಡೆನ್ಸ್ ಇಂಟರ್ವಲ್‌ನಿಂದ, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿಯಿಂದ, ತೆಗೆಯಬೇಕು. ರಿಸ್ಕ್ ರೇಷಿಯೊ (ಎರಡು ಗುಂಪುಗಳ ಅಪಾಯದ ಅನುಪಾತ) 0.60, 95 ಶೇಕಡಾ ಇಂಟರ್ವಲ್ 0.36ರಿಂದ 1.00 ಎಂದಿರಲಿ. ಮೂರಕ್ಕೂ ನ್ಯಾಚುರಲ್ ಲಾಗ್ ತೆಗೆಯಿರಿ: −0.511, −1.022, 0. ಮೇಲಿನ ತುದಿಯಿಂದ ಕೆಳಗಿನದನ್ನು ಕಳೆದರೆ 1.022, ಅದನ್ನು 3.92ರಿಂದ ಭಾಗಿಸಿದರೆ 0.261. ಅದೇ ಸ್ಟ್ಯಾಂಡರ್ಡ್ ಎರರ್. ಚಿತ್ರದಲ್ಲಿ ಚುಕ್ಕೆ ಇಡಬೇಕಾದದ್ದು −0.511ರಲ್ಲಿ, 0.60ರಲ್ಲಿ ಅಲ್ಲ. ಲಾಗ್ ಮರೆತು ನೇರ ರೇಷಿಯೊ ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದರಿಂದ ಇಲ್ಲದ ಓರೆ ಕಾಣಿಸುತ್ತದೆ. ಇನ್ನೊಂದು ತಾಳೆ: ಎರಡು ತುದಿಗಳ ಲಾಗ್‌ಗಳ ನಡುಬಿಂದು ರೇಷಿಯೊದ ಲಾಗ್‌ಗೆ ಸಮವಾಗಿರಬೇಕು. ಇಲ್ಲಿ −0.511, ಸರಿಯಿದೆ. ತುಂಬಾ ದೂರವಿದ್ದರೆ ಲೇಖನದಲ್ಲಿ ಅಚ್ಚಿನ ತಪ್ಪು ಇರಬಹುದು, ಲೇಖಕರನ್ನು ಕೇಳಿ.

ಚಿತ್ರ ಬರೆಯಲು ಆರ್ ಎಂಬ ಸಂಖ್ಯಾಶಾಸ್ತ್ರ ಸಾಫ್ಟ್‌ವೇರ್‌ನ ಮೆಟಾಫರ್ ಪ್ಯಾಕೇಜ್ ಅಥವಾ ಜಾಸ್ಪ್ ಎಂಬ ಸಾಫ್ಟ್‌ವೇರ್ ಬಳಸಿ; ಎರಡೂ ಉಚಿತ. ಚಿತ್ರಕ್ಕೆ ಪಿ ವ್ಯಾಲ್ಯೂನ ಗಡಿಪಟ್ಟಿಗಳನ್ನು ಸೇರಿಸಿ: 0.10, 0.05, 0.01. ಖಾಲಿ ಜಾಗ ಸಿಗ್ನಿಫಿಕೆಂಟ್ ಅಲ್ಲದ ಪಟ್ಟಿಯಲ್ಲಿ ಬಿದ್ದಿದ್ದರೆ ಪ್ರಕಟಣಾ ಪಕ್ಷಪಾತದ ಅನುಮಾನ ಗಟ್ಟಿಯಾಗುತ್ತದೆ. ಸಿಗ್ನಿಫಿಕೆಂಟ್ ಪಟ್ಟಿಯಲ್ಲೇ ಖಾಲಿಯಿದ್ದರೆ ಕಾರಣ ಬೇರೆ ಇರಬೇಕು.

ಬೇರೆ ಕಾರಣಗಳು ಬಹಳ. ಸಣ್ಣ ಅಧ್ಯಯನಗಳಲ್ಲಿ ರೋಗಿಗಳು ಹೆಚ್ಚು ತೀವ್ರ ಸ್ಥಿತಿಯವರಾಗಿರಬಹುದು, ಔಷಧ ಅವರಿಗೆ ನಿಜಕ್ಕೂ ಹೆಚ್ಚು ಗುಣ ಕೊಟ್ಟಿರಬಹುದು. ಯಾರಿಗೆ ಯಾವ ಗುಂಪು ಎಂಬುದನ್ನು ಮುಚ್ಚಿಡದೆ ಸಣ್ಣ ಅಧ್ಯಯನ ಮಾಡಿದ್ದರೆ ಅದರಿಂದಲೇ ಪರಿಣಾಮ ಉಬ್ಬುತ್ತದೆ. ಆದ್ದರಿಂದ ಚಿತ್ರ ಓರೆಯಿದೆ ಎಂದಾಗ ಪ್ರಕಟಣಾ ಪಕ್ಷಪಾತ ಸಾಬೀತಾಯಿತು ಎಂದು ಬರೆಯಬೇಡಿ. ಸಣ್ಣ ಅಧ್ಯಯನಗಳ ಪರಿಣಾಮ ಕಂಡಿತು ಎಂದು ಬರೆದು, ಕಾರಣಕ್ಕೆ ನಿಮ್ಮ ಕಿರ್ದಿಯನ್ನು ಮುಂದಿಡಿ.

ಹಂತ 8: ಟೆಸ್ಟ್‌ಗಳು, ಅವುಗಳ ಮಿತಿ

10ಕ್ಕಿಂತ ಕಡಿಮೆ ಅಧ್ಯಯನಗಳಿದ್ದರೆ ಟೆಸ್ಟ್ ಮಾಡಬೇಡಿ. ಇದು ಕಾಕ್ರೇನ್ ಕೈಪಿಡಿಯ ಮಾತು, ಕಾರಣ ಸರಳ: ಅಷ್ಟು ಕಡಿಮೆ ಚುಕ್ಕೆಗಳಲ್ಲಿ ನಿಜವಾದ ಓರೆಯನ್ನೂ ಆಕಸ್ಮಿಕವನ್ನೂ ಬೇರೆ ಮಾಡಲಾಗದು. ಆರು ಅಧ್ಯಯನ ಇಟ್ಟುಕೊಂಡು ಎಗ್ಗರ್ ಪಿ 0.42, ಆದ್ದರಿಂದ ಪಕ್ಷಪಾತ ಇಲ್ಲ ಎಂದು ಬರೆಯುವುದು ಕುರುಡು ತಕ್ಕಡಿಯಲ್ಲಿ ತೂಗಿದಂತೆ.

ಮ್ಯಾಥಿಯಾಸ್ ಎಗ್ಗರ್ ಮತ್ತು ಸಂಗಡಿಗರ 1997ರ ಟೆಸ್ಟ್ ಸರಾಸರಿಗಳ ಅಂತರಕ್ಕೆ ಸರಿ. ಇಲ್ಲಿ 0.05ರ ಬದಲು 0.10 ಗಡಿ ಬಳಸುವುದು ರೂಢಿ, ಇದ್ದ ಓರೆಯನ್ನು ಹಿಡಿಯುವ ಶಕ್ತಿ ಈ ಟೆಸ್ಟ್‌ಗೆ ಕಡಿಮೆ. ಆಡ್ಸ್ ರೇಷಿಯೊ (ಆಗುವ-ಆಗದ ಸಂಭವಗಳ ಅನುಪಾತವನ್ನು ಎರಡು ಗುಂಪುಗಳ ನಡುವೆ ಹೋಲಿಸುವ ಅಂಕಿ) ಆದರೆ ಪರಿಣಾಮ ಮತ್ತು ಸ್ಟ್ಯಾಂಡರ್ಡ್ ಎರರ್ ಗಣಿತದಲ್ಲೇ ಅಂಟಿಕೊಂಡಿರುವುದರಿಂದ ಎಗ್ಗರ್ ಸುಳ್ಳು ಅಪಾಯಗಂಟೆ ಬಾರಿಸುತ್ತದೆ. ಹಾರ್ಬರ್ಡ್ ಅಥವಾ ಪೀಟರ್ಸ್ ಟೆಸ್ಟ್ ಬಳಸಿ. ಸ್ಟ್ಯಾಂಡರ್ಡೈಸ್ಡ್ ಸರಾಸರಿ ಅಂತರಕ್ಕೂ (ಬೇರೆ ಬೇರೆ ಮಾಪನಗಳನ್ನು ಒಂದೇ ಅಳತೆಗೆ ತಂದ ಅಂತರ) ಇದೇ ತೊಂದರೆ.

ಟ್ರಿಮ್ ಅಂಡ್ ಫಿಲ್ ವಿಧಾನ ಕಾಣೆಯಾದ ಚುಕ್ಕೆಗಳನ್ನು ಕನ್ನಡಿ ಹಿಡಿದಂತೆ ಎದುರು ಬದಿಗೆ ತುಂಬಿ ಹೊಸ ಅಂದಾಜು ಕೊಡುತ್ತದೆ. ಆ ಚುಕ್ಕೆಗಳು ನಿಜವಾದ ಅಧ್ಯಯನಗಳಲ್ಲ. ಅಂದಾಜು ಎಷ್ಟು ಅಲುಗುತ್ತದೆ ಎಂದು ನೋಡಲು ಮಾತ್ರ ಬಳಸಿ, ಅದನ್ನೇ ಉತ್ತರವೆಂದು ಕೊಡಬೇಡಿ. ರಾಬರ್ಟ್ ರೋಸೆಂಥಾಲ್ 1979ರಲ್ಲಿ ಕೊಟ್ಟ ಫೇಲ್-ಸೇಫ್ ಸಂಖ್ಯೆ, ಅಂದರೆ ಎಷ್ಟು ಸೊನ್ನೆ ಫಲಿತಾಂಶಗಳು ಕಪಾಟಿನಲ್ಲಿದ್ದರೆ ತೀರ್ಮಾನ ಉರುಳುತ್ತದೆ ಎಂಬ ಲೆಕ್ಕ, ಐತಿಹಾಸಿಕವಾಗಿ ಮುಖ್ಯ. ಕಪಾಟಿನಲ್ಲಿರುವುದೆಲ್ಲ ಸರಾಸರಿ ಸೊನ್ನೆ ಎಂದು ಅದು ನಂಬುತ್ತದೆ. ಲೊರ್ಕೈನೈಡ್ ಪ್ರಯೋಗ ಸೊನ್ನೆಯಲ್ಲ, ಸಾವಿನ ಕಡೆ ವಾಲಿತ್ತು. ಆದ್ದರಿಂದ ಈ ಸಂಖ್ಯೆಯನ್ನು ಕೈಬಿಡಿ.

ಇದೆಲ್ಲಕ್ಕಿಂತ ಅಗ್ಗದ, ಹೆಚ್ಚು ಉಪಯುಕ್ತ ಪರೀಕ್ಷೆ ಒಂದಿದೆ. ಒಂದೇ ಡೇಟಾವನ್ನು, ಎಲ್ಲ ಅಧ್ಯಯನಗಳ ನಿಜ ಪರಿಣಾಮ ಒಂದೇ ಎನ್ನುವ ಫಿಕ್ಸೆಡ್ ಎಫೆಕ್ಟ್‌ನಲ್ಲೂ, ಅದು ಬೇರೆ ಬೇರೆ ಇರಬಹುದು ಎನ್ನುವ ರ‍್ಯಾಂಡಮ್ ಎಫೆಕ್ಟ್ಸ್‌ನಲ್ಲೂ ಓಡಿಸಿ. ರ‍್ಯಾಂಡಮ್ ಮಾದರಿ ಸಣ್ಣ ಅಧ್ಯಯನಗಳಿಗೆ ಹೆಚ್ಚು ತೂಕ ಕೊಡುತ್ತದೆ. ಅದರ ಉತ್ತರ ಫಿಕ್ಸೆಡ್‌ಗಿಂತ ಎದ್ದುಕಾಣುವಷ್ಟು ಔಷಧದ ಪರ ವಾಲಿದ್ದರೆ, ಉಬ್ಬು ಸಣ್ಣ ಅಧ್ಯಯನಗಳಿಂದ ಬಂದದ್ದು. ಆಮೇಲೆ ಅತಿ ದೊಡ್ಡ ಮೂರು ಅಧ್ಯಯನಗಳನ್ನಷ್ಟೇ ಇಟ್ಟು ಮತ್ತೊಮ್ಮೆ ಓಡಿಸಿ, ಮೂರು ಉತ್ತರಗಳನ್ನೂ ಒಂದೇ ಕೋಷ್ಟಕದಲ್ಲಿ ಕೊಡಿ.

ಹಂತ 9: ತೀರ್ಪು ಬರೆಯುವುದು

ಪುರಾವೆಯನ್ನು ಎಷ್ಟು ನಂಬಬಹುದೆಂದು ದರ್ಜೆ ಕೊಡುವ ಗ್ರೇಡ್ ಪದ್ಧತಿಯಲ್ಲಿ ಪ್ರಕಟಣಾ ಪಕ್ಷಪಾತದ ಬಲವಾದ ಅನುಮಾನವಿದ್ದರೆ ಪುರಾವೆಯ ಭರವಸೆಯನ್ನು ಒಂದು ಮೆಟ್ಟಿಲು ಇಳಿಸಬೇಕು. ಇಳಿಸಿದ ಕಾರಣ ಕಿರ್ದಿಯಿಂದ ಬರಲಿ: ನೋಂದಣಿಯಾದದ್ದು ಎಷ್ಟು, ಮುಗಿದು 24 ತಿಂಗಳು ದಾಟಿದ್ದು ಎಷ್ಟು, ಅವುಗಳಲ್ಲಿ ಪ್ರಕಟವಾದದ್ದು ಎಷ್ಟು, ಪ್ರಕಟವಾಗದ ಪ್ರಯೋಗಗಳಲ್ಲಿ ಒಟ್ಟು ಎಷ್ಟು ರೋಗಿಗಳು, ಹಣ ಯಾರದು. ಪ್ರಯೋಗಗಳ ಸಂಖ್ಯೆಗಿಂತ ರೋಗಿಗಳ ಸಂಖ್ಯೆ ಮುಖ್ಯ. ಕಾಣೆಯಾದದ್ದು ಒಂದೇ ಆದರೂ ಅದರಲ್ಲಿ 800 ರೋಗಿಗಳಿದ್ದರೆ ತೀರ್ಮಾನ ಬದಲಾಗಬಲ್ಲದು.

ನಿಮ್ಮದೇ ಥೀಸಿಸ್ ಕಪಾಟು ಸೇರದಂತೆ

ನೋಂದಣಿಯಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ? ಅಮೆರಿಕದ ಹೃದಯ-ಶ್ವಾಸಕೋಶ-ರಕ್ತ ಸಂಸ್ಥೆ ಹಣ ಕೊಟ್ಟ ದೊಡ್ಡ ಪ್ರಯೋಗಗಳನ್ನು ಕಪ್ಲಾನ್ ಮತ್ತು ಇರ್ವಿನ್ 2015ರಲ್ಲಿ ತೆರೆದು ನೋಡಿದರು. ಮೊದಲೇ ನೋಂದಾಯಿಸುವ ಪದ್ಧತಿ ಬರುವ ಮುಂಚೆ, 2000ಕ್ಕೆ ಮೊದಲು ಪ್ರಕಟವಾದ 30ರಲ್ಲಿ 17 ಪ್ರಯೋಗ ಲಾಭ ತೋರಿಸಿದ್ದವು. ಅನಂತರದ 25ರಲ್ಲಿ 2. ಔಷಧಗಳು ಒಮ್ಮೆಲೇ ಕೆಟ್ಟುಹೋಗಿರಲಾರವು. ಅಳತೆಯನ್ನು ಮೊದಲೇ ಹೇಳಬೇಕಾಗಿ ಬಂದದ್ದು ದೊಡ್ಡ ಕಾರಣವಿರಬೇಕು. ಮನೋವಿಜ್ಞಾನದಲ್ಲೂ ಇದೇ ಕಥೆ: ಫಲಿತಾಂಶಕ್ಕೆ ಮುಂಚೆಯೇ ಜರ್ನಲ್ ಒಪ್ಪುವ ರಿಜಿಸ್ಟರ್ಡ್ ರಿಪೋರ್ಟ್‌ಗಳಲ್ಲಿ 44 ಶೇಕಡಾ ಊಹೆಗಳು ಗೆದ್ದರೆ, ಮಾಮೂಲಿ ಲೇಖನಗಳಲ್ಲಿ 96 ಶೇಕಡಾ ಗೆದ್ದಿದ್ದವು ಎಂದು 2021ರ ಹೋಲಿಕೆಯೊಂದು ತೋರಿಸಿತು.

ಸಿಟಿಆರ್‌ಐ ನೋಂದಣಿಗೆ ಹಣವಿಲ್ಲ. ಎಥಿಕ್ಸ್ ಕಮಿಟಿ ಒಪ್ಪಿಗೆ ಪತ್ರ ಕೈಗೆ ಬಂದ ದಿನವೇ ಕೂತು ತುಂಬಿ. ಪರಿಶೀಲಕರು ಪ್ರಶ್ನೆ ಹಾಕಿ ಅರ್ಜಿ ವಾಪಸ್ ಕಳಿಸುವುದು ಸಾಮಾನ್ಯ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಅರ್ಜಿ ಹಾಕಿದಾಗ ಆರ್‌ಇಎಫ್ ಎಂದು ಶುರುವಾಗುವ ಸಂಖ್ಯೆ ಬರುತ್ತದೆ. ಅದು ನೋಂದಣಿ ಸಂಖ್ಯೆಯಲ್ಲ, ಅದನ್ನು ನಂಬಿ ರೋಗಿಗಳನ್ನು ಸೇರಿಸಿಕೊಂಡರೆ ಅರ್ಜಿಯೇ ತಿರಸ್ಕಾರವಾಗಬಹುದು. ಸಿಟಿಆರ್‌ಐ, ವರ್ಷ, ತಿಂಗಳು, ಆರು ಅಂಕಿ ಇರುವ ಸಂಖ್ಯೆ ಬಂದ ಮೇಲೆಯೇ ಮೊದಲ ರೋಗಿ. ಮುಖ್ಯ ಅಳತೆಯನ್ನು ನೋವು ಕಡಿಮೆಯಾಗುವುದು ಎಂದು ಬರೆಯಬೇಡಿ. ನೂರು ಮಿಲಿಮೀಟರ್ ನೋವಿನ ಗೆರೆಯಲ್ಲಿ 6ನೇ ವಾರದ ಅಂಕ ಎಂದು ಬರೆಯಿರಿ. ಮುಖ್ಯ ಅಳತೆ ಒಂದೇ ಇರಲಿ.

ಫಲಿತಾಂಶ ಸಿಗ್ನಿಫಿಕೆಂಟ್ ಬಾರದಿದ್ದರೆ ವ್ಯತ್ಯಾಸ ಇಲ್ಲ ಎಂದು ಬರೆಯಬೇಡಿ, ಅದು ತಪ್ಪು. ಅಂತರ ಎಷ್ಟು, ಇಂಟರ್ವಲ್ ಎಲ್ಲಿಂದ ಎಲ್ಲಿಗೆ, ವೈದ್ಯಕೀಯವಾಗಿ ಮುಖ್ಯವಾದ ಲಾಭ ಆ ಇಂಟರ್ವಲ್‌ನ ಹೊರಗಿದೆಯೋ ಒಳಗಿದೆಯೋ ಎಂದು ಬರೆಯಿರಿ. ಮೇಲೆ ಮಾಡಿದ 25-25ರ ಲೆಕ್ಕದಲ್ಲಿ ಅಂತರ 2 ಬಂದರೆ ಇಂಟರ್ವಲ್ ಸುಮಾರು −3.7ರಿಂದ 7.7. ಔಷಧ ಕೆಲಸ ಮಾಡದು ಎಂದು ಇದು ಹೇಳುವುದಿಲ್ಲ; ನಾಳೆ ಇಂಥ ಹತ್ತು ಥೀಸಿಸ್ ಕೂಡಿಸುವವರಿಗೆ ಇದು ಒಂದು ಇಟ್ಟಿಗೆ. ಒಂದು ಜರ್ನಲ್ ತಿರಸ್ಕರಿಸಿದರೆ ಕಾಯಬೇಡಿ, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮುಂಚಿನ ರೂಪ) ಆಗಿ ಮೆಡ್‌ಆರ್ಕೈವ್ ತಾಣದಲ್ಲಿ ಇಟ್ಟು ಮುಂದಿನ ಜರ್ನಲ್‌ಗೆ ಕಳಿಸಿ. ಹಣ ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎಂದು ಮೇಲ್ ಮಾಡುವವರ ಕಡೆ ಹೋಗಬೇಡಿ, ಅಲ್ಲಿ ಬಂದದ್ದನ್ನು ರಿವ್ಯೂ ಮಾಡುವವರು ಹುಡುಕಿದರೂ ನಂಬುವುದಿಲ್ಲ.

ಕೊನೆಯದಾಗಿ ಪಾಸ್‌ವರ್ಡ್. ಸಿಟಿಆರ್‌ಐ ಖಾತೆಯನ್ನು ಪಿಜಿಯ ಸ್ವಂತ ಮೇಲ್‌ನಲ್ಲಿ ತೆರೆದರೆ, ಅವರು ಕೋರ್ಸ್ ಮುಗಿಸಿ ಊರಿಗೆ ಹೋದ ಮೇಲೆ ದಾಖಲೆಯನ್ನು ಯಾರೂ ಮುಟ್ಟುವುದಿಲ್ಲ. ವಿಭಾಗದ ಮೇಲ್ ವಿಳಾಸದಲ್ಲಿ ತೆರೆಯಿರಿ, ಗೈಡ್ ಕೈಯಲ್ಲೂ ಪಾಸ್‌ವರ್ಡ್ ಇರಲಿ. ಥೀಸಿಸ್ ಬೈಂಡಿಂಗ್‌ಗೆ ಕೊಡುವ ವಾರದಲ್ಲೇ ಸ್ಥಿತಿಯನ್ನು ಮುಗಿದಿದೆ ಎಂದು ಬದಲಿಸಿ, ಸೇರಿದ ರೋಗಿಗಳ ನಿಜ ಸಂಖ್ಯೆ ಹಾಕಿ, ಪ್ರಕಟಣೆಯ ವಿವರ ಎಂಬ ಜಾಗದಲ್ಲಿ ಥೀಸಿಸ್ ಯಾವ ಗ್ರಂಥಾಲಯದಲ್ಲಿ ಸಿಗುತ್ತದೆ ಎಂದು ಬರೆದಿಡಿ.